ನಾಟಕಕ್ಕೆ ಬಟ್ಟೆ ಹೊಲಿಯುವವರಿಗೆ: ಸ್ಕ್ರಿಪ್ಟ್ ಓದುವುದರಿಂದ ಟ್ರಂಕು ತುಂಬುವವರೆಗೆ

ರವಿಕೆ, ಚೂಡಿದಾರ್, ಜುಬ್ಬ ಚೆನ್ನಾಗಿ ಹೊಲಿಯುವವರು ನಮ್ಮಲ್ಲಿ ಪ್ರತಿ ಬೀದಿಗೂ ಒಬ್ಬರು ಸಿಗುತ್ತಾರೆ. ನಾಟಕಕ್ಕೆ ಅಂತಲೇ ಹೊಲಿಯುವವರು ಮಾತ್ರ ತೀರಾ ಕಡಿಮೆ. ಹವ್ಯಾಸಿ ತಂಡಗಳು ಕೊನೆಯ ವಾರದಲ್ಲಿ ಪರದಾಡಿ, ಡ್ರಾಮಾ ಸೀನರಿ ಅಂಗಡಿಯಿಂದ ವೆಲ್ವೆಟ್ ಕೋಟು, ಜರಿ ಪೇಟ ಬಾಡಿಗೆಗೆ ತರುತ್ತವೆ. ಹಳ್ಳಿಯ ಪೌರಾಣಿಕ ನಾಟಕಕ್ಕೆ ಆ ಮಿಂಚು ಬೇಕೇ ಬೇಕು, ಅಲ್ಲಿ ಅದು ಒಪ್ಪುತ್ತದೆ. ಆದರೆ ಅದೇ ಕೋಟನ್ನು ಎಲ್ಲ ರಾಜರಿಗೂ ತೊಡಿಸಿದರೆ ಎಲ್ಲ ನಾಟಕವೂ ಒಂದೇ ಥರ ಕಾಣುತ್ತದೆ.

ಹೊಲಿಗೆ ಗೊತ್ತಿದ್ದು, ರಂಗಭೂಮಿಯ ಕಡೆ ಮನಸ್ಸಿರುವವರಿಗೆ ಈ ಲೇಖನ. ಮಾತು ಗಾಳಿಯಲ್ಲಿ ಹೋಗಬಾರದು ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. 12ನೇ ಶತಮಾನದ ಕಲ್ಯಾಣದ ಶರಣರ ಕಥೆಯನ್ನು ಒಂದು ಊರಿನ ತಂಡ ಆಡುತ್ತಿದೆ. ರಾಜ ಬಿಜ್ಜಳ, ಬಸವಣ್ಣ, ಮಡಿವಾಳ ಮಾಚಯ್ಯ, ಚಪ್ಪಲಿ ಹೊಲಿಯುವ ಹರಳಯ್ಯ, ಮಂತ್ರಿ ಮಧುವರಸ, ಸೈನಿಕರು, ಊರ ಜನ. ನಟರು ಕಮ್ಮಿ, ಪಾತ್ರ ಜಾಸ್ತಿ, ದುಡ್ಡು ಇನ್ನೂ ಕಮ್ಮಿ.

ಶುರುವಿನಲ್ಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಾಟಕದ ಬಟ್ಟೆ ಹ್ಯಾಂಗರಿನಲ್ಲೋ ಫೋಟೋದಲ್ಲೋ ಚೆಂದ ಕಂಡರೆ ಸಾಲದು. ನಟ ಅದನ್ನು ತೊಟ್ಟು ಓಡಬೇಕು, ಬೀಳಬೇಕು, ಬೆವರಬೇಕು, ಮರುದಿನ ಮತ್ತೆ ತೊಡಬೇಕು. ನೋಡುವವರು ಹತ್ತು ಮೀಟರ್ ದೂರದಲ್ಲಿ, ಬಣ್ಣದ ಬೆಳಕಿನಲ್ಲಿ ನೋಡುತ್ತಾರೆ. ಈ ಕೆಲಸದ ಪ್ರತಿ ತೀರ್ಮಾನವೂ ಇದರ ಮೇಲೆಯೇ ನಿಂತಿದೆ.

1. ಟೇಪು ಹಿಡಿಯುವ ಮೊದಲು ಸ್ಕ್ರಿಪ್ಟ್ ಓದಿ

ಮೊದಲ ಸಲ ಕಥೆಗಾಗಿ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು ಓದಿ. ಬಟ್ಟೆಗೆ ಸಂಬಂಧಪಟ್ಟದ್ದೆಲ್ಲ ಗುರುತು ಹಾಕಿ: ಯಾರೋ ಸೆರಗು ಹಿಡಿದು ಎಳೆಯುತ್ತಾರೆ, ಯಾರೋ ಸೊಂಟದಿಂದ ಓಲೆ ತೆಗೆಯುತ್ತಾರೆ, ಒಬ್ಬನಿಗೆ ರಕ್ತ ಹತ್ತುತ್ತದೆ, ಇನ್ನೊಬ್ಬ ಪಂಜು ಹಿಡಿದು ಬರುತ್ತಾನೆ.

ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ಪಟ್ಟಿ ಮಾಡಿ. ಎಡಗಡೆ ನಟರ ಹೆಸರು, ಮೇಲ್ಗಡೆ ದೃಶ್ಯಗಳು. ಪ್ರತಿ ಚೌಕದಲ್ಲಿ ಆ ನಟ ಆ ದೃಶ್ಯದಲ್ಲಿ ಯಾವ ಪಾತ್ರ, ಏನು ತೊಡುತ್ತಾನೆ ಅಂತ ಬರೆಯಿರಿ. ಪಾತ್ರದ ಹೆಸರಲ್ಲ, ನಟನ ಹೆಸರಿನಲ್ಲೇ ಪಟ್ಟಿ ಮಾಡಿ. ಯಾಕೆಂದರೆ ಸೈನಿಕನಾಗಿ ಒಳಗೆ ಹೋದವನು ಮುಂದಿನ ದೃಶ್ಯದಲ್ಲಿ ಶರಣನಾಗಿ ಬರಬೇಕಾಗಿರುತ್ತದೆ. ಎರಡು ನಿಮಿಷಕ್ಕಿಂತ ಕಡಿಮೆ ಸಮಯ ಸಿಗುವ ಜಾಗಗಳಿಗೆಲ್ಲ ಕೆಂಪು ಗುರುತು ಹಾಕಿ. ನಿಮ್ಮ ಅರ್ಧ ಬುದ್ಧಿ ಖರ್ಚಾಗುವುದು ಈ ಕೆಂಪು ಗುರುತುಗಳ ಮೇಲೆ.

ಈ ಪಟ್ಟಿ ಹಿಡಿದುಕೊಂಡು ನಿರ್ದೇಶಕರ ಜೊತೆ ಕೂತುಕೊಳ್ಳಿ. ಬೆಳಕು ಮಾಡುವವರು, ಪ್ರಸಾಧನ (ಮೇಕಪ್) ಮಾಡುವವರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಸಾಧ್ಯವಾದಷ್ಟು ತಾಲೀಮು ನೋಡಿ. ಯಾವ ನಟ ನೆಲದ ಮೇಲೆ ಉರುಳುತ್ತಾನೆ ಅಂತ ಸ್ಕ್ರಿಪ್ಟಿನಲ್ಲಿ ಬರೆದಿರುವುದಿಲ್ಲ.

2. ಆ ಕಾಲ ಹೇಗಿತ್ತು ಅಂತ ನೋಡಿ

ನಮ್ಮ ಪುಣ್ಯಕ್ಕೆ ಕರ್ನಾಟಕದಲ್ಲಿ ಕಲ್ಲೇ ಪುಸ್ತಕ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು, ಅಂದರೆ ನಮ್ಮ ನಾಟಕದ ಶತಮಾನದ್ದೇ. ಬೇಲೂರು, ಹಳೇಬೀಡಿನ ಶಿಲ್ಪಗಳಲ್ಲಿ ಸೊಂಟದ ಬಟ್ಟೆ ಹೇಗೆ ಸುತ್ತಿದ್ದಾರೆ, ನೆರಿಗೆ ಎಲ್ಲಿ ಬಿದ್ದಿದೆ, ಒಡವೆ ಎಲ್ಲಿ ಕೂತಿದೆ, ತುರುಬು ಯಾವ ಕಡೆಗಿದೆ ಎಲ್ಲವೂ ಕಾಣುತ್ತದೆ. ಆದರೆ ಒಂದು ಎಚ್ಚರ. ಅಲ್ಲಿರುವವರು ಹೆಚ್ಚಾಗಿ ದೇವರು, ರಾಜ, ನರ್ತಕಿ. ಹರಳಯ್ಯನಂಥವರು ಹೇಗಿದ್ದರು ಅಂತ ತಿಳಿಯಬೇಕಾದರೆ ಊರಾಚೆಯ ವೀರಗಲ್ಲುಗಳನ್ನು ನೋಡಿ. ಗಟ್ಟಿ ಕಟ್ಟಿದ ಕಚ್ಚೆ, ಮೇಲೆತ್ತಿ ಕಟ್ಟಿದ ಜುಟ್ಟು, ಸೊಂಟದ ಕಠಾರಿ. ನಿಮ್ಮ ತಾಲೂಕಿನಲ್ಲೇ ಒಂದೆರಡು ಸಿಕ್ಕೇ ಸಿಗುತ್ತವೆ. ಹೊಲದಲ್ಲಿ ದುಡಿಯುವ ಅಜ್ಜಂದಿರು ಪಂಚೆ ಎತ್ತಿಕಟ್ಟುವ, ಕಂಬಳಿ ಕೊಪ್ಪೆ ಹಾಕಿಕೊಳ್ಳುವ ರೀತಿಯನ್ನೂ ಗಮನಿಸಿ. ಅವರನ್ನೇ ಕೇಳಿ ಕಲಿತುಕೊಳ್ಳಿ.

ನಾಟಕ ವಿಜಯನಗರದ್ದಾದರೆ ಬೇರೆ ಕಡೆ ನೋಡಬೇಕು. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿ ಮತ್ತು ಆಂಧ್ರದ ಲೇಪಾಕ್ಷಿಯಲ್ಲಿ ಬಣ್ಣದ ಚಿತ್ರಗಳಿವೆ. ಲೇಪಾಕ್ಷಿಯಲ್ಲಂತೂ ಬಟ್ಟೆಯ ಅಂಚು, ಹೂವಿನ ವಿನ್ಯಾಸ, ಉದ್ದನೆಯ ಕುಳ್ಳಾಯಿ ಟೋಪಿ ಸ್ಪಷ್ಟವಾಗಿವೆ. ಆ ಕುಳ್ಳಾಯಿಯನ್ನು ಬಿಜ್ಜಳನ ಆಸ್ಥಾನಕ್ಕೆ ತಂದರೆ ಸುಮಾರು ನಾಲ್ಕು ಶತಮಾನ ತಪ್ಪಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಹಾಗೇ ನಕಲು ಮಾಡಬೇಕಿಲ್ಲ. ಆ ಕಾಲದಲ್ಲಿ ಹೊಲಿದ ಬಟ್ಟೆಗಿಂತ ಸುತ್ತುವ ಬಟ್ಟೆಯೇ ಮುಖ್ಯ ಅನ್ನುವುದನ್ನು ಇಟ್ಟುಕೊಂಡು, ಮೈ ಎಷ್ಟು ಮುಚ್ಚಬೇಕು ಅನ್ನುವುದನ್ನು ನಟರ ಜೊತೆ ಮಾತಾಡಿ ತೀರ್ಮಾನಿಸಿ. ಬರೀ ಮೈಯಲ್ಲಿ ನಿಲ್ಲಲು ಸಂಕೋಚಪಡುವ ನಟನನ್ನು ಒತ್ತಾಯಿಸಬೇಡಿ. ಒಂದು ಹೊದಿಕೆಯಿಂದ ಆ ಸಮಸ್ಯೆ ಮುಗಿಯುತ್ತದೆ.

ಕಾಯಕದ ಜನರಿಗೆ ಬಟ್ಟೆ ಮಾಡುವಾಗ ನಮ್ಮ ಮನಸ್ಸು ಸುಮ್ನೆ ಹರಕಲು ಬಟ್ಟೆಯ ಕಡೆ ಹೋಗುತ್ತದೆ. ಅದು ಸರಿಯಲ್ಲ. ಮಾಚಯ್ಯ ಮಡಿವಾಳ. ರಂಗದ ಮೇಲೆ ಎಲ್ಲರಿಗಿಂತ ಶುಭ್ರವಾದ ಬಟ್ಟೆ ಅವನದ್ದೇ ಆಗಿರಬೇಕು, ಅಲ್ವಾ? ಹರಳಯ್ಯನ ಪಂಚೆ ಮೊಣಕಾಲ ಹತ್ತಿರ ಸವೆದಿರಲಿ, ತೊಡೆಯ ಮೇಲೆ ಚರ್ಮದ ಬಣ್ಣ ಹತ್ತಿರಲಿ. ಆದರೆ ಅದನ್ನು ಅವನು ಅಚ್ಚುಕಟ್ಟಾಗಿ ಉಟ್ಟಿರಲಿ. ಬಡತನ ಬೇರೆ, ದುಡಿಮೆ ಬೇರೆ. ಬಟ್ಟೆ ಆ ವ್ಯತ್ಯಾಸ ಹೇಳಬಲ್ಲದು.

3. ಬಟ್ಟೆ ಆರಿಸುವುದು

ಅಂಗಡಿಗೆ ಹೋಗುವ ಮೊದಲು ಇಡೀ ನಾಟಕಕ್ಕೆ ಬಣ್ಣಗಳನ್ನು ಗೊತ್ತು ಮಾಡಿಕೊಳ್ಳಿ. ನಮ್ಮ ನಾಟಕದಲ್ಲಿ ಶರಣರಿಗೆ ಮಣ್ಣು, ಕಾವಿ, ಬೂದಿಯ ಬಣ್ಣಗಳು. ಅರಮನೆಗೆ ಗಾಢ ಕೆಂಪು, ನೇರಳೆ. ಮಧುವರಸ ಅರಮನೆಯಿಂದ ಶರಣರ ಕಡೆ ಬರುವವನು. ದೃಶ್ಯ ಕಳೆದಂತೆ ಅವನ ಕೆಂಪು ಇಳಿಯುತ್ತಾ ಬಂದರೆ ಯಾರೂ ಬಾಯಿಬಿಟ್ಟು ಹೇಳದೆಯೇ ನೋಡುವವರಿಗೆ ಗೊತ್ತಾಗುತ್ತದೆ.

ಬೆಂಗಳೂರಿನವರಿಗೆ ಚಿಕ್ಕಪೇಟೆ ಇದ್ದೇ ಇದೆ. ಸಗಟು ಅಂಗಡಿಯಲ್ಲಿ ಥಾನು ಲೆಕ್ಕದಲ್ಲಿ ಕೋರಾ ಬಟ್ಟೆ ತಂದರೆ ಬಹಳ ಉಳಿಯುತ್ತದೆ. ಕೋರಾ ಅಂದರೆ ಬ್ಲೀಚ್ ಮಾಡದ, ಬಣ್ಣ ಹಾಕದ ಹತ್ತಿ ಬಟ್ಟೆ. ನಾಟಕದವರಿಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಯಾವ ಬಣ್ಣ ಬೇಕಾದರೂ ಹಿಡಿಯುತ್ತದೆ, ಚೆನ್ನಾಗಿ ನೆರಿಗೆ ಬೀಳುತ್ತದೆ, ಬೆವರು ಹೀರುತ್ತದೆ. ಉತ್ತರ ಕರ್ನಾಟಕದ ಪಾತ್ರಗಳಿರುವ ಇವತ್ತಿನ ಕಾಲದ ನಾಟಕವಾದರೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಇದ್ದರೆ ಊರು ಯಾವುದು ಅಂತ ಹೇಳಬೇಕಾಗಿಯೇ ಇಲ್ಲ. ಖಣದ ಪನ್ನಾ, ಅಂದರೆ ಅಗಲ, ಕಿರಿದು. ರವಿಕೆಗೆಂದೇ ನೇಯುವ ಬಟ್ಟೆ ಅದು. ಬೇರೇನಾದರೂ ಹೊಲಿಯುವುದಾದರೆ ಜೋಡಣೆಯ ಲೆಕ್ಕ ಹಾಕಿ ಕೊಳ್ಳಿ. ಮಲೆನಾಡಿನ ಕಡೆ ಹೋದರೆ ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆ ನೋಡಿಬನ್ನಿ. ರಂಗಕರ್ಮಿ ಪ್ರಸನ್ನ ಕಟ್ಟಿದ ಮಹಿಳಾ ಸಹಕಾರ ಸಂಘ ಅದು. ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕುವುದು ಅಲ್ಲಿನ ವಿಶೇಷ.

ಅಂಗಡಿಯವರು ಹತ್ತಿ ಅಂದ ಮಾತ್ರಕ್ಕೆ ನಂಬಬೇಡಿ. ಒಂದೆರಡು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಂಜು, ದೀವಟಿಗೆ ಹತ್ತಿರ ಬರುವ ನಟನಿಗೆ ಪಾಲಿಯೆಸ್ಟರ್ ಬೇಡವೇ ಬೇಡ. ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಯೂ ಉರಿಯುತ್ತದೆ, ಆದ್ದರಿಂದ ಜೋಲುವ ಹೊದಿಕೆಯನ್ನು ಆ ದೃಶ್ಯದಲ್ಲಿ ಸೊಂಟಕ್ಕೆ ಬಿಗಿದು ಕಟ್ಟಿಸಿ.

ಲೆಕ್ಕಕ್ಕೆ: ಕಚ್ಚೆ ಹಾಕಲು ಎಂಟು ಮೊಳದ ಪಂಚೆ, ಅಂದರೆ ಸುಮಾರು 3.6 ಮೀಟರ್ ಬೇಕು. ದೊಡ್ಡವರ ಜುಬ್ಬಕ್ಕೆ 44 ಇಂಚು ಪನ್ನಾದ ಬಟ್ಟೆ ಎರಡೂವರೆ ಮೀಟರ್ ಸಾಕು. ಕಚ್ಚೆ ಸೀರೆಗೆ ಒಂಬತ್ತು ಗಜ. ಕೋರಾ ಬಟ್ಟೆ ತೊಳೆದಾಗ ಕುಗ್ಗುತ್ತದೆ, ಹತ್ತು ಮೀಟರಿಗೆ ಅರ್ಧ ಮೀಟರ್ ಜಾಸ್ತಿ ತನ್ನಿ. ಕತ್ತರಿಸುವ ಮೊದಲು ರಾತ್ರಿಯಿಡೀ ನೆನೆಸಿ, ಗಂಜಿ ಹೋಗುವ ಹಾಗೆ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಇಸ್ತ್ರಿ ಮಾಡಿ. ಗಂಜಿ ಉಳಿದರೆ ಬಣ್ಣ ಕಲೆಕಲೆಯಾಗಿ ಹಿಡಿಯುತ್ತದೆ.

4. ಅಳತೆ

ಮಾಮೂಲಿ ಅಳತೆಗಳ ಜೊತೆ ಇನ್ನೂ ನಾಲ್ಕು ಬೇಕು: ತಲೆಯ ಸುತ್ತು, ಕೈ ಮೇಲೆತ್ತಿದಾಗ ಕಂಕುಳಿನಿಂದ ಸೊಂಟದವರೆಗೆ, ಕುಕ್ಕರಗಾಲಲ್ಲಿ ಕೂತಾಗ ಸೊಂಟದ ಸುತ್ತು, ಭುಜದಿಂದ ಕಾಲಿನ ನಡುವೆ ಹಾದು ಮತ್ತೆ ಭುಜದವರೆಗೆ. ಕಿರೀಟ ಅಥವಾ ಪೇಟ ಇದ್ದರೆ ವಿಗ್ ಹಾಕಿದ ಮೇಲೆಯೇ ತಲೆ ಅಳೆಯಿರಿ. ನಟನಿಗೆ ಬಟ್ಟೆಯ ಅಥವಾ ಲೋಹದ ಅಲರ್ಜಿ ಇದೆಯಾ ಅಂತ ಕೇಳಿ. ಹೆಣ್ಣುಮಕ್ಕಳ ಅಳತೆಯನ್ನು ಎಲ್ಲರೆದುರು ತಾಲೀಮಿನ ಹಾಲ್‌ನಲ್ಲಿ ತೆಗೆಯಬೇಡಿ, ಗಟ್ಟಿಯಾಗಿ ಓದಿ ಹೇಳಲೂಬೇಡಿ.

5. ಕತ್ತರಿಸಿ ಹೊಲಿಯುವುದು

ಮೈಗೆ ಹೊಂದುವ ಅಂಗಿ, ಕವಚದಂಥವನ್ನು ಮೊದಲು ಹಳೆ ಬೆಡ್‌ಶೀಟಿನಲ್ಲಿ ಕತ್ತರಿಸಿ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿ. ಅಸಲು ಬಟ್ಟೆ ಆಮೇಲೆ.

ಅಂಗಡಿಯ ಹೊಲಿಗೆಗೂ ನಾಟಕದ ಹೊಲಿಗೆಗೂ ದೊಡ್ಡ ವ್ಯತ್ಯಾಸ ಮಾರ್ಜಿನ್. ಪಕ್ಕದ ಹೊಲಿಗೆಯಲ್ಲಿ ಎರಡೂ ಕಡೆ ಒಂದೂವರೆ ಇಂಚು ಬಿಡಿ, ಅಡಿಯಲ್ಲಿ ಮೂರು ಇಂಚು ಮಡಿಚಿ. ನಟ ಬದಲಾಗಬಹುದು. ಮುಂದಿನ ವರ್ಷ ಅದೇ ಬಟ್ಟೆ ಬೇರೆ ನಾಟಕಕ್ಕೆ ಬೇಕಾಗಬಹುದು. ಕಂಕುಳು, ಕಾಲಿನ ನಡುವಿನ ಜಾಗ, ತೋಳು ಸೇರುವ ಜಾಗಕ್ಕೆ ಎರಡೆರಡು ಹೊಲಿಗೆ ಹಾಕಿ. ಮೊದಲು ಹರಿಯುವುದು ಅಲ್ಲೇ.

ಕಂಕುಳಿಗೆ ನಾಲ್ಕೈದು ಇಂಚಿನ ಚೌಕ ತುಂಡನ್ನು ಮೂಲೆಯಾಗಿ ತಿರುಗಿಸಿ ಸೇರಿಸಿ. ಹಳೆಯ ಜುಬ್ಬಗಳಲ್ಲಿ ಇದು ಇದ್ದೇ ಇರುತ್ತಿತ್ತು. ಈ ಒಂದು ತುಂಡಿನಿಂದ ನಟ ಕತ್ತಿ ಎತ್ತಿದಾಗ ಇಡೀ ಅಂಗಿ ಮೇಲೆ ಹೋಗುವುದು ತಪ್ಪುತ್ತದೆ. ನನ್ನ ಪ್ರಕಾರ ನಾಟಕದ ದರ್ಜಿ ಕಲಿಯಲೇಬೇಕಾದ ಮೊದಲ ವಿದ್ಯೆ ಇದು.

ಇನ್ನು ಕೆಂಪು ಗುರುತಿನ ಜಾಗಗಳು. ಬೇಗ ಬದಲಿಸಬೇಕಾದ ಪಂಚೆಯನ್ನು ಕಟ್ಟುವುದಕ್ಕೆ ಬಿಡಬೇಡಿ, ಹೊಲಿದುಬಿಡಿ. ನಟನಿಗೇ ಚೆನ್ನಾಗಿ ಕಚ್ಚೆ ಉಡಿಸಿ, ನೆರಿಗೆಗಳಿಗೆ ಪಿನ್ ಹಾಕಿ, ಹಾಗೇ ಬಿಚ್ಚಿ ತೆಗೆದು, ನೆರಿಗೆಗಳನ್ನು ಸೊಂಟಪಟ್ಟಿಗೆ ಹೊಲಿಯಿರಿ. ಒಳಗೆ ಅದೇ ಬಣ್ಣದ ಚಡ್ಡಿ ಸೇರಿಸಿ, ಪಕ್ಕದಲ್ಲಿ ಲಾಡಿಯೋ ದಪ್ಪ ಹುಕ್ಕೋ ಇಡಿ. ಹತ್ತು ಸೆಕೆಂಡಿನಲ್ಲಿ ಏರುತ್ತದೆ, ನೋಡುವವರಿಗೆ ಕಟ್ಟಿದ್ದೇ ಅನ್ನಿಸುತ್ತದೆ. ಅಂದಹಾಗೆ ಒಳಚಡ್ಡಿ ಎಲ್ಲ ಕಚ್ಚೆಗೂ ಬೇಕು. ಪ್ರೇಕ್ಷಕರು ಕೆಳಗೆ ಕೂತು ಮೇಲೆ ನೋಡುತ್ತಿರುತ್ತಾರೆ.

ಅಂಗಿಯ ಮೇಲೆ ಸುಳ್ಳು ಗುಂಡಿ ಹೊಲಿದು, ಅಡಿಯಲ್ಲಿ ಪ್ರೆಸ್ ಬಟನ್ ಇಡಿ. ವೆಲ್ಕ್ರೋ ಬೇಗ ಬಿಚ್ಚುತ್ತದೆ ನಿಜ, ಆದರೆ ಶಬ್ದ ಜೋರು. ಮೌನದ ದೃಶ್ಯದಲ್ಲಿ ಸೈಡ್‌ವಿಂಗಿನಿಂದ ಆ ಸದ್ದು ಬಂದರೆ ಸಭೆಯೇ ತಿರುಗಿ ನೋಡುತ್ತದೆ. ಸಂಗೀತ ಇರುವ ಕಡೆ ಮಾತ್ರ ಬಳಸಿ. ಸಾಧ್ಯವಿದ್ದರೆ ಎರಡನೇ ಪಾತ್ರದ ಬಟ್ಟೆಯನ್ನು ಮೊದಲನೆಯದರ ಒಳಗೇ ತೊಡಿಸಿ. ಸೈನಿಕನ ಕವಚ ಕಳಚಿದರೆ ಒಳಗೆ ಶರಣ.

ಕಾಲರ್ ಮೈಕ್ ಇದ್ದರೆ ಅದರ ಡಬ್ಬಿಗೆ ಬೆನ್ನಿನ ಸೊಂಟದ ಹತ್ತಿರ ಚೀಲ ಹೊಲಿಯಿರಿ. ಕಂಕುಳ ಒಳಗೆ ದಪ್ಪ ಹತ್ತಿ ಬಟ್ಟೆಯ ಪಟ್ಟಿಗಳನ್ನು ಪ್ರೆಸ್ ಬಟನ್‌ನಿಂದ ಕೂರಿಸಿದರೆ, ಪ್ರಯೋಗ ಮುಗಿದ ಮೇಲೆ ಅವನ್ನಷ್ಟೇ ತೆಗೆದು ತೊಳೆಯಬಹುದು. ತೊಳೆಯಲಾಗದ ಜರಿಯ ಬಟ್ಟೆಗೆ ಇದೊಂದೇ ದಾರಿ.

6. ಬಣ್ಣ ಹಾಕುವುದು, ಹಳತು ಮಾಡುವುದು

ಈ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಕೋರಾ ಬಟ್ಟೆ ಪಾತ್ರದ ಬಟ್ಟೆಯಾಗುವುದು ಇಲ್ಲೇ.

ಅಚ್ಚ ಬಿಳಿ ರಂಗದ ಬೆಳಕಿಗೆ ಕಣ್ಣು ಕುಕ್ಕುತ್ತದೆ, ನಟನ ಮುಖವನ್ನೇ ತಿನ್ನುತ್ತದೆ. ಹಾಗಾಗಿ ಮಾಚಯ್ಯನ ಬಿಳಿ ಪಂಚೆಯನ್ನೂ ಟೀ ಡಿಕಾಕ್ಷನ್‌ನಲ್ಲಿ ಒಮ್ಮೆ ಅದ್ದಬೇಕು. ಐದು ಲೀಟರ್ ನೀರಿಗೆ ಸುಮಾರು ನೂರು ಗ್ರಾಂ ಟೀಪುಡಿ ಕುದಿಸಿ ಸೋಸಿ. ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ನೆನೆಸಿ ಹಿಂಡಿ, ಆಮೇಲೆ ಅದ್ದಿ, ಕೈಯಾಡಿಸುತ್ತಾ ಇರಿ. ಒಣಗಿದ ಮೇಲೆ ಬಣ್ಣ ಒಂದು ಪಟ್ಟು ತಿಳಿಯಾಗುತ್ತದೆ ಅನ್ನುವುದು ನೆನಪಿರಲಿ. ಮಾಚಯ್ಯನಿಗೆ ಐದು ನಿಮಿಷ, ಹರಳಯ್ಯನಿಗೆ ಒಂದು ಗಂಟೆ.

ಕೆಂಪು ಮಿಶ್ರಿತ ಕಂದು ಬೇಕಾದರೆ ಅಡಿಕೆ ಚೊಗರು. ಅಡಿಕೆ ಬೇಯಿಸಿ ಉಳಿದ ಆ ಗಟ್ಟಿ ರಸವನ್ನು ನೀರಿನಲ್ಲಿ ತಿಳಿ ಮಾಡಿ, ಸೋಸಿ, ಕಾಯಿಸಿ ಬಳಸಿ. ಬಟ್ಟೆಯನ್ನು ಮುಂಚೆ ಪಟಿಕದ ನೀರಿನಲ್ಲಿ ಅದ್ದಿದ್ದರೆ ಬಣ್ಣ ಗಟ್ಟಿ ನಿಲ್ಲುತ್ತದೆ. ದಾಳಿಂಬೆ ಸಿಪ್ಪೆ ಮಣ್ಣಿನ ಹಳದಿ ಕೊಡುತ್ತದೆ. ಅರಿಸಿನ ನೋಡಲು ಚೆಂದ, ಆದರೆ ಬಿಸಿಲಿಗೆ ಮಾಸುತ್ತದೆ, ಸೋಪು ತಾಗಿದರೆ ಕೆಂಪಾಗುತ್ತದೆ. ಪದೇ ಪದೇ ತೊಳೆಯುವ ಬಟ್ಟೆಗೆ ಅದು ಆಗುವುದಿಲ್ಲ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಎರಡು ವಾರ ನೆನೆಸಿಟ್ಟು, ಆ ನೀರನ್ನು ಟೀ ಹಾಕಿದ ಬಟ್ಟೆಯ ಮೇಲೆ ಬ್ರಷ್‌ನಿಂದ ಎಳೆಯಿರಿ. ಬೂದು, ಕಪ್ಪು ಬಣ್ಣ ಕಣ್ಣೆದುರೇ ಏಳುತ್ತದೆ. ಜಾಸ್ತಿ ಹಚ್ಚಬೇಡಿ, ಕಬ್ಬಿಣ ನೂಲನ್ನು ಸವೆಸುತ್ತದೆ.

ಹೊಲಿದ ಮೇಲೆ ಬಣ್ಣ ಹಾಕುವುದಾದರೆ ಹತ್ತಿ ದಾರದಲ್ಲೇ ಹೊಲಿದಿರಬೇಕು. ಪಾಲಿಯೆಸ್ಟರ್ ದಾರ ಈ ಬಣ್ಣಗಳನ್ನು ಹಿಡಿಯುವುದಿಲ್ಲ, ಹೊಲಿಗೆ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ.

ಹಳತು ಮಾಡುವಾಗ ಎಲ್ಲೆಂದರಲ್ಲಿ ಹರಿಯಬೇಡಿ. ನಿಜವಾಗಿ ಬಟ್ಟೆ ಎಲ್ಲಿ ಸವೆಯುತ್ತದೆ ಯೋಚಿಸಿ: ಕುತ್ತಿಗೆಯ ಹಿಂಭಾಗ, ತೋಳಿನ ತುದಿ, ಮೊಣಕೈ, ಮೊಣಕಾಲು, ಕೂರುವ ಜಾಗ, ಅಡಿಯ ಅಂಚು. ಅಲ್ಲಿ ಮಾತ್ರ ಮರಳುಕಾಗದ ಅಥವಾ ಹಳೇ ತುರಿಯುವ ಮಣೆಯಿಂದ ಉಜ್ಜಿ. ಅಂಚಿಗೆ ಫ್ಯಾಬ್ರಿಕ್ ಪೇಂಟ್‌ನಲ್ಲೇ ಮಣ್ಣಿನ ಛಾಯೆ ಚಿಮುಕಿಸಿ. ನಿಜವಾದ ಮಣ್ಣು ಬೇಡ, ಒಗೆತಕ್ಕೆ ಹೋಗುತ್ತದೆ. ಹತ್ತು ಮೀಟರ್ ದೂರಕ್ಕೆ ಕಾಣಬೇಕಾದರೆ ಹತ್ತಿರದಲ್ಲಿ ಸ್ವಲ್ಪ ಅತಿ ಅನ್ನಿಸುವಷ್ಟು ಇರಬೇಕು.

7. ಒಡವೆ, ಕಿರೀಟ, ಚಪ್ಪಲಿ

ಬಿಜ್ಜಳನ ಕಿರೀಟಕ್ಕೆ 5 ಮಿಲಿಮೀಟರ್ ಫೋಮ್ ಶೀಟ್ ಸಾಕು. ಕತ್ತರಿಸಿ, ಬಿಸಿ ಮಾಡಿ ಬಾಗಿಸಿ, ಗ್ಲೂ ಗನ್‌ನಿಂದ ಅಂಟಿಸಿ, ಎರಡು ಕೋಟು ಫೆವಿಕಾಲ್ ಬಳಿಯಿರಿ. ಮೊದಲು ಕಪ್ಪು, ಒಣಗಿದ ಮೇಲೆ ಅರೆ ಒಣಗಿದ ಬ್ರಷ್‌ನಿಂದ ಚಿನ್ನದ ಬಣ್ಣ ಉಬ್ಬುಗಳಿಗಷ್ಟೇ. ಬರೀ ಚಿನ್ನ ಬಳಿದರೆ ಆಟಿಕೆಯಾಗುತ್ತದೆ. ಸರಗಳನ್ನು ಎರಡೆಳೆ ದಾರದಲ್ಲಿ ಪೋಣಿಸಿ. ರಂಗದ ಮೇಲೆ ಮಣಿ ಚೆಲ್ಲಿದರೆ ನಟರು ಜಾರಿ ಬೀಳುತ್ತಾರೆ. ಚಪ್ಪಲಿಯ ಅಡಿಗೆ ತೆಳು ರಬ್ಬರ್ ಅಂಟಿಸಿ, ಹಲಗೆಯ ಮೇಲೆ ಟಪಟಪ ಅನ್ನುವುದಿಲ್ಲ.

ಯಕ್ಷಗಾನದ ವೇಷಗಳನ್ನು ಈ ರೀತಿಯಲ್ಲಿ ಮಾಡಲು ಹೋಗಬೇಡಿ. ಭುಜಕೀರ್ತಿ, ಎದೆಕಟ್ಟು ಎಲ್ಲ ಹಗುರ ಮರದಲ್ಲಿ ಕೆತ್ತಿ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸುವ ಬೇರೆಯದೇ ಕಸುಬು. ಅದನ್ನು ಕಲಿಯಬೇಕಾದರೆ ಮೇಳದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ ಕೂತು, ಆ ಕಸುಬಿನವರ ಹತ್ತಿರವೇ ಕಲಿಯಬೇಕು.

8. ಬೆಳಕಿನಲ್ಲಿ ನೋಡಿ, ಗ್ರ್ಯಾಂಡ್ ರಿಹರ್ಸಲ್ ಮಾಡಿ

ಬಟ್ಟೆ ಕೊಳ್ಳುವ ಮೊದಲೇ ಒಂದಡಿ ತುಂಡುಗಳನ್ನು ಬೆಳಕು ಮಾಡುವವರ ಹತ್ತಿರ ಒಯ್ದು ನೋಡಿ. ನೀಲಿ ಬೆಳಕಿನಲ್ಲಿ ಕೆಂಪು ಬಟ್ಟೆ ಕಪ್ಪಾಗುತ್ತದೆ. ಹಳದಿ ಬೆಳಕಿನಲ್ಲಿ ನೀಲಿ ಸತ್ತುಹೋಗುತ್ತದೆ. ಬಿಜ್ಜಳನ ಕೊಲೆಯ ದೃಶ್ಯ ರಾತ್ರಿಯದ್ದಾಗಿ ನೀಲಿ ಬೆಳಕಿದ್ದರೆ ನಿಮ್ಮ ಗಾಢ ಕೆಂಪು ಹೊದಿಕೆ ಕಾಣುವುದೇ ಇಲ್ಲ. ವೆಲ್ವೆಟ್ ಬೆಳಕು ಕುಡಿಯುತ್ತದೆ, ಸ್ಯಾಟಿನ್ ಎಸೆಯುತ್ತದೆ. ಸಣ್ಣ ಚಿತ್ತಾರ ಐದನೇ ಸಾಲಿನಾಚೆ ಮಾಯ.

ಗ್ರ್ಯಾಂಡ್ ರಿಹರ್ಸಲ್‌ಗೆ ಒಂದು ವಾರ ಮುಂಚೆಯೇ ನಟರಿಗೆ ಕಚ್ಚೆ, ಹೊದಿಕೆ, ಚಪ್ಪಲಿ ಕೊಟ್ಟುಬಿಡಿ. ಪ್ಯಾಂಟಿನಲ್ಲಿ ಅಭ್ಯಾಸ ಮಾಡಿದವನ ನಡಿಗೆ ಪಂಚೆಯಲ್ಲಿ ಬೇರೆಯಾಗುತ್ತದೆ. ತೊಡಿಸಿ ನೋಡುವಾಗ ಬರೀ ನಿಲ್ಲಿಸಬೇಡಿ. ಎರಡೂ ಕೈ ಎತ್ತಲಿ, ಚಕ್ಕಳಮಕ್ಕಳ ಹಾಕಲಿ, ಅಡ್ಡ ಬೀಳಲಿ, ಓಡಲಿ. ಬದಲಾವಣೆಗಳನ್ನು ಬ್ಲ್ಯಾಕ್‌ಔಟ್‌ನಷ್ಟೇ ಕತ್ತಲಲ್ಲಿ, ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿ. ನೀವು ಕೊನೆಯ ಸಾಲಿನಲ್ಲಿ ಕೂತು ನೋಡಿ, ಅಲ್ಲಿಂದ ಕಾಣದ್ದಕ್ಕೆ ಇನ್ನು ಸಮಯ ಕೊಡಬೇಡಿ.

9. ಪ್ರಯೋಗದ ದಿನ ಮತ್ತು ಟ್ರಂಕು

ಸೂಜಿ, ದಾರ, ಸೇಫ್ಟಿಪಿನ್, ಹುಕ್ಕು, ಎಲಾಸ್ಟಿಕ್, ಕತ್ತರಿ, ಎರಡು ಹೆಚ್ಚುವರಿ ಲಾಡಿ, ಸಣ್ಣ ಟಾರ್ಚು. ಇವು ನಿಮ್ಮ ಸೊಂಟದ ಚೀಲದಲ್ಲೇ ಇರಲಿ. ಪ್ರತಿ ಬಟ್ಟೆಯ ಒಳಗೆ ನಟನ ಹೆಸರು, ದೃಶ್ಯದ ನಂಬರ್ ಬರೆದ ಪಟ್ಟಿ ಹೊಲಿದಿಡಿ.

ಹೆಗ್ಗೋಡಿನ ನೀನಾಸಮ್ ಸಂಸ್ಥೆಯ ಸಂಚಾರಿ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ಹಾಗೆ ತಿರುಗುವ ತಂಡಕ್ಕೆ ಇವತ್ತು ಒಂದೂರು, ನಾಳೆ ಇನ್ನೊಂದೂರು. ಇಸ್ತ್ರಿ ಸಿಗುತ್ತದೋ ಇಲ್ಲವೋ. ಅಂಥ ತಂಡಕ್ಕೆ ಹೊಲಿಯುವಾಗ ಮುದುರಿದರೂ ಚೆಂದ ಕಾಣುವ ಬಟ್ಟೆ ಆರಿಸಿ. ಬೆವರಿದ ಬಟ್ಟೆಯನ್ನು ಯಾವ ಕಾರಣಕ್ಕೂ ಹಾಗೇ ಟ್ರಂಕಿಗೆ ತುಂಬಬೇಡಿ. ರಾತ್ರಿಯೇ ಒಳಹೊರಗು ಮಾಡಿ ಗಾಳಿಗೆ ಹರವಿ, ಬೆಳಿಗ್ಗೆ ನೆರಳಲ್ಲಿ ಒಣಗಿಸಿ ಮಡಚಿ. ಜರಿಯನ್ನು ಹಳೆ ಹತ್ತಿ ಸೀರೆಯಲ್ಲಿ ಸುತ್ತಿಡಿ.

10. ಕಲಿಕೆ ಮತ್ತು ದುಡ್ಡು

ಹೊಲಿಗೆಯ ಬುನಾದಿ ಇಲ್ಲದಿದ್ದರೆ ಐಟಿಐಗಳಲ್ಲಿ ಒಂದು ವರ್ಷದ ಹೊಲಿಗೆ ಕೋರ್ಸ್ ಇದೆ. ರಂಗಭೂಮಿಯ ಬುನಾದಿಗೆ ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ ಶುರುವಾದ ರಂಗಸಂಸ್ಥೆ ರಂಗಾಯಣ ಇದೆ. ಕೋರ್ಸ್ ಆಗದಿದ್ದರೆ ನಿಮ್ಮೂರಿನ ತಂಡದ ಒಂದು ನಾಟಕಕ್ಕೆ ಪೂರ್ತಿ ಜೊತೆಗಿರಿ.

ಬರೀ ನಾಟಕದಿಂದ ವರ್ಷಪೂರ್ತಿ ಕೆಲಸ ಸಿಗುವುದು ಕಷ್ಟ. ಶಾಲಾ ವಾರ್ಷಿಕೋತ್ಸವ, ಭರತನಾಟ್ಯದ ಉಡುಪು, ಧಾರಾವಾಹಿಗಳ ಕೆಲಸ ಸೇರಿಸಿಕೊಂಡರೆ ತಿಂಗಳುಗಳು ತುಂಬುತ್ತವೆ. ಮಾಡಿದ ಬಟ್ಟೆಗಳು ನಿಮ್ಮವೋ ತಂಡದವೋ ಅಂತ ಮೊದಲೇ ಮಾತಾಡಿ. ನಿಮ್ಮವಾದರೆ ಮುಂದೆ ಬಾಡಿಗೆಗೆ ಕೊಡಬಹುದು, ಆಗ ಹೊಲಿಗೆಯ ದರವನ್ನು ಸ್ವಲ್ಪ ಇಳಿಸಿ.

ಲೆಕ್ಕವನ್ನು ಮೂರು ಭಾಗ ಮಾಡಿ ಬರೆದುಕೊಡಿ: ಸಾಮಾನು, ಹೊಲಿಗೆ, ಪ್ರಯೋಗದ ದಿನ ಹಾಜರಿರುವ ಸಂಬಳ. ಎಷ್ಟೋ ಜನ ಮೂರನೆಯದನ್ನು ಕೇಳುವುದೇ ಇಲ್ಲ. ಗ್ರೀನ್ ರೂಮಿನಲ್ಲಿ ಸಂಜೆ ನಾಲ್ಕರಿಂದ ರಾತ್ರಿ ಹನ್ನೊಂದರವರೆಗೆ ನಿಲ್ಲುವುದೂ ಕೆಲಸವೇ. ತಂಡದವರು ಸ್ನೇಹಿತರಾದರೂ ಸಾಮಾನಿನ ದುಡ್ಡು ಕೈಗೆ ಬಂದ ಮೇಲೆಯೇ ಚಿಕ್ಕಪೇಟೆಗೆ ಹೋಗಿ, ಬಿಲ್ಲುಗಳನ್ನು ಇಟ್ಟುಕೊಳ್ಳಿ. ಕರಪತ್ರದಲ್ಲಿ ನಿಮ್ಮ ಹೆಸರು ಹಾಕಿಸುವಂತೆ ಅಚ್ಚಿಗೆ ಹೋಗುವ ಮುಂಚೆಯೇ ಹೇಳಿ.